ಪದಚರ್ಚೆ: ನೀರಿನ ಕರಾರಿಗೆ ‘ವಿಸ್ತರಣೆ’ಯೋ ‘ನವೀಕರಣ’ವೋ?

ಕೊಪ್ಪಳದಿಂದ:
ಮಾನ್ಯರೇ, ಅಣೆಕಟ್ಟು, ಕಾಲುವೆಗಳಿಂದ ನೀರು ಪೂರೈಸುವ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ ಯೋಜನೆಯನ್ನು ಕುರಿತ ಲೇಖನವೊಂದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ರೈತರು ಓದಲೆಂದು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ನೀರು ಪೂರೈಕೆಯ ಕರಾರನ್ನು 25 ವರ್ಷಕ್ಕೆ ರಿನ್ಯೂ ಮಾಡಬೇಕಾದರೆ ಮೊದಲು ಪರಿಸರದ ರಿವ್ಯೂ ಮುಗಿದಿರಬೇಕೆಂದೂ, ಅಲ್ಲಿಯವರೆಗೆ ಎರಡು ಮೂರು ವರ್ಷಗಳ ಮಧ್ಯಂತರ ಕರಾರು ಮಾತ್ರ ಸಾಧ್ಯವೆಂದೂ ಅಲ್ಲಿನ 1992ರ ಕಾಯ್ದೆ ವಿಧಿಸಿತು. ಇದನ್ನು ‘ಕರಾರು ವಿಸ್ತರಣೆಗೆ ಪರಿಸರ ಪುನರ್ವಿಮರ್ಶೆ’ ಎಂದು ಬರೆದಿದ್ದೇನೆ. ಒಪ್ಪುತ್ತದೆಯೇ?

ಬಳ್ಳಾರಿಯಿಂದ:
ಒಪ್ಪುವುದಿಲ್ಲ. ‘ಪುನರ್’ ಎನ್ನಬೇಕಾದರೆ ಹಿಂದೆ ಒಮ್ಮೆಯಾದರೂ ವಿಮರ್ಶೆ ನಡೆದಿರಬೇಕು. ಆ ಕರಾರುಗಳಲ್ಲಿ ಹಳೆಯವು 1940ರ ದಶಕದವು. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಜಾರಿಯಾದದ್ದು 1970ರಲ್ಲಿ. ಇಂಥ ಪರಿಶೀಲನೆಯನ್ನು ಆ ಕಾಯ್ದೆ ಕಡ್ಡಾಯ ಮಾಡುವ ಮೊದಲೇ ಸಹಿಯಾದ ಕಾಗದಕ್ಕೆ ನವೀಕರಣದ ಹೊತ್ತಿನದೇ ಮೊದಲ ಪರಿಶೀಲನೆ. ‘ಪರಿಸರ ಪರಿಶೀಲನೆ’ ಎಂದರೆ ಸಾಕು. ‘ವಿಸ್ತರಣೆ’ಯೆಂದರೆ ಹಳೆಯ ಗಡುವನ್ನು ಹಿಗ್ಗಿಸುವುದು, ‘ನವೀಕರಣ’ ಹೊಸ ತೀರ್ಮಾನ, ಹಾಗೆಂದೇ ಅದಕ್ಕೆ ಪರಿಶೀಲನೆ ಬೇಕಾಯಿತು. ಕೊನೆಯದಾಗಿ, ‘ಒಪ್ಪಂದ’ವೆಂಬ ಅಚ್ಚಗನ್ನಡ ಪದ ಕಣ್ಣೆದುರಿಗಿರುವಾಗ ಅರಬ್ಬಿಯ ‘ಕರಾರು’ ಏಕೆ?

ರಾಯಚೂರಿನಿಂದ:
ಅಚ್ಚಗನ್ನಡದ ಹಟ ಹಿಡಿದವರು ಅದೇ ಓಲೆಯಲ್ಲಿ ‘ಪರಿಶೀಲನೆ’, ‘ನವೀಕರಣ’ಗಳನ್ನು ಧಾರಾಳವಾಗಿ ಬಳಸಿದ್ದಾರೆ, ಸಂಸ್ಕೃತದ ಸಾಲ ಸಾಲವಲ್ಲವೇನೋ. ನಿಮ್ಮ ಊರು 1953ರವರೆಗೆ ಮದರಾಸಿಗೆ ಸೇರಿತ್ತು. ನಾವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವರು, ‘ಕರಾರು’ ನಮಗೆ ಮನೆಮಾತು. ಅದರಲ್ಲಿ ಷರತ್ತಿನ ಅರ್ಥವೂ ಅಡಗಿದೆ, ‘ಒಪ್ಪಂದ’ದಲ್ಲಿ ಬರಿಯ ಒಪ್ಪಿಗೆಯಿದೆ. ‘ನವೀಕರಣ’ದ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ (ಇದೂ ಅರಬ್ಬಿಯೇ, ಕ್ಷಮಿಸಿ). ಯುಗಾದಿಗೆ ಹೊಲದ ಲಾವಣಿ (ಗೇಣಿ) ಮುಗಿದಾಗ, ಮುಂದೆಯೂ ಅದೇ ರೈತ ಮಾಡುವವನಿದ್ದರೂ, ನಮ್ಮ ತಂದೆಯವರು ಹಳೆಯ ಕಾಗದದ ತಾರೀಖು ತಿದ್ದಲು ಬಿಡುತ್ತಿರಲಿಲ್ಲ. ಬದು ಒಡೆದಿದೆಯೇ, ಹೊಲಗಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ನೋಡಿಬಂದ ಮೇಲೆಯೇ ಹೊಸ ಛಾಪಾ ಕಾಗದಕ್ಕೆ ಸಹಿ ಹಾಕುತ್ತಿದ್ದರು. ತಾರೀಖು ತಿದ್ದಿದ್ದರೆ ಅದು ವಿಸ್ತರಣೆಯಾಗುತ್ತಿತ್ತು.

ಕೊಪ್ಪಳದಿಂದ:
ಇಬ್ಬರಿಗೂ ವಂದನೆಗಳು. ‘ಕರಾರು ನವೀಕರಣಕ್ಕೆ ಮುನ್ನ ಪರಿಸರ ಪರಿಶೀಲನೆ’ ಎಂದು ತಿದ್ದಿ ಅಚ್ಚಿಗೆ ಕಳುಹಿಸಿದ್ದೇನೆ.

ಬಳ್ಳಾರಿಯಿಂದ:
‘ಒಪ್ಪಂದ’ ಎಂದೇ ಬರೆಯಬೇಕಿತ್ತು.