ಜೇಡರ ಹುಳು: ನೇಯದ ಜೇಡವನ್ನು ಏನೆಂದು ಕರೆಯೋಣ?

ಮಾನ್ಯರೆ,

ಕಳೆದ ಎರಡು ಮಳೆಗಾಲಗಳಿಂದ ನನಗೊಂದು ಗೀಳು ಹತ್ತಿಕೊಂಡಿದೆ. ಮನೆಯ ಗೋಡೆ, ಕಿಟಕಿಯ ಸಂದು, ಕರಿಬೇವಿನ ಗಿಡ, ಕಾಂಪೌಂಡಿನ ಪಕ್ಕದ ದಾಸವಾಳ, ಇಷ್ಟರೊಳಗೇ ಸಿಗುವ ಜೇಡಗಳನ್ನು ಹುಡುಕಿ, ಫೋನಿಗೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೋ ಲೆನ್ಸಿನಿಂದ ಅವುಗಳ ಚಿತ್ರ ತೆಗೆಯುತ್ತೇನೆ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದೆರಡು ಸಾಲು ಬರೆದಿಡಬೇಕೆಂಬ ಹಟವೂ ಇದೆ. ಹಾಗೆ ಬರೆಯಲು ಕುಳಿತಾಗಲೆಲ್ಲ ಜೇಡಕ್ಕಿಂತ ‘ಜೇಡ’ ಎಂಬ ಪದವೇ ಹೆಚ್ಚು ತೊಡಕು ಕೊಡುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಮೊದಲ ತೊಡಕು ವಿಭಕ್ತಿಯದು. ನಾವು ಜೇಡ ಎಂಬುದನ್ನು ನಪುಂಸಕ ಲಿಂಗದಲ್ಲಿ ಬಳಸುತ್ತೇವೆ: ಜೇಡ ಬಂತು, ಜೇಡಗಳು ಬಂದವು, ಜೇಡದ ಕಾಲು. ಆದರೆ ಬಲೆಯ ಮಾತು ಬಂದ ಕೂಡಲೇ ಬಹುಪಾಲು ಜನರ ಬಾಯಲ್ಲಿ ಅದು ‘ಜೇಡರ ಬಲೆ’ ಆಗುತ್ತದೆ, ಪ್ರಾಣಿಯೂ ‘ಜೇಡರ ಹುಳು’ ಆಗುತ್ತದೆ. ಈ ‘ರ’ ಮನುಷ್ಯರಿಗೆ ಸಲ್ಲುವ ಬಹುವಚನದ ಷಷ್ಠಿ. ಜೇಡ ಎಂದರೆ ನೇಯುವವನು ಎಂಬ ಅರ್ಥ ನಿಘಂಟುಗಳಲ್ಲಿದೆ. ಜೇಡರ ದಾಸಿಮಯ್ಯ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಹಾಗಾದರೆ ಜೇಡರ ಹುಳು ಎಂದರೆ ‘ನೇಕಾರರ ಹುಳು’ ಎಂದಾಯಿತು. ಕಸುಬಿನವರ ಹೆಸರು ಮೊದಲು ಇದ್ದು, ಅವರ ಕೆಲಸವನ್ನು ಹೋಲುವ ಕೆಲಸ ಮಾಡುವ ಹುಳುವಿಗೆ ಅದು ಆಮೇಲೆ ಅಂಟಿಕೊಂಡು, ಕೊನೆಗೆ ‘ಹುಳು’ ಉದುರಿಹೋಗಿ ಬರಿಯ ಜೇಡ ಉಳಿದಿರಬೇಕು ಎಂಬುದು ನನ್ನ ಊಹೆ.

ಊಹೆಗೆ ಅಡ್ಡ ಬರುವ ಉದಾಹರಣೆಯೂ ನನ್ನ ಗೋಡೆಯ ಮೇಲೆಯೇ ಇದೆ. ಮಣ್ಣಿನ ಗೂಡು ಕಟ್ಟುವ ಕಣಜವನ್ನು ನಾವು ‘ಕುಂಬಾರ ಹುಳು’ ಎನ್ನುತ್ತೇವೆ, ‘ಕುಂಬಾರರ ಹುಳು’ ಎನ್ನುವುದಿಲ್ಲ. ಸಿಂಪಿಗ, ಮಡಿವಾಳ ಎಂಬ ಹಕ್ಕಿಗಳೂ ಕಸುಬಿನ ಹೆಸರನ್ನು ನೇರವಾಗಿಯೇ ಹೊತ್ತಿವೆ. ಜೇಡವೊಂದಕ್ಕೆ ಮಾತ್ರ ಈ ‘ರ’ ಏಕೆ ಬೇಕಾಯಿತು? (ಈ ಕುಂಬಾರ ಹುಳುಗಳಲ್ಲಿ ಕೆಲವು ಜೇಡಗಳನ್ನು ಕುಟುಕಿ, ಚಲಿಸದಂತೆ ಮಾಡಿ, ತಮ್ಮ ಮರಿಗಳ ಆಹಾರಕ್ಕೆಂದು ಮಣ್ಣಿನ ಗೂಡಿನೊಳಗೆ ತುಂಬಿಡುತ್ತವೆ. ಕುಂಬಾರನ ಮಡಕೆಯಲ್ಲಿ ನೇಕಾರನ ಸಮಾಧಿ ಎಂದು ಒಂದು ಚಿತ್ರಕ್ಕೆ ಬರೆದು, ಅತಿಯಾಯಿತೆನಿಸಿ ಅಳಿಸಿದೆ.)

ನೆರೆಯ ಭಾಷೆಗಳಲ್ಲಿ ತೆಲುಗು ನಮ್ಮ ದಾರಿಯನ್ನೇ ಹಿಡಿದಿದೆ. ಅಲ್ಲಿನ ‘ಸಾಲೀಡು’, ‘ಸಾಲೆಪುರುಗು’ಗಳಲ್ಲಿರುವ ಸಾಲೆ, ಪದ್ಮಸಾಲಿ ಎಂಬಲ್ಲಿ ಇರುವ ನೇಕಾರನೇ. ಸಂಸ್ಕೃತದ ‘ತಂತುವಾಯ’ಕ್ಕೂ ನೇಕಾರ, ಜೇಡ ಎಂಬ ಎರಡೂ ಅರ್ಥಗಳಿವೆ. ಮಲಯಾಳದವರು ಮಾತ್ರ ‘ಎಟ್ಟುಕಾಲಿ’ ಎಂದು ಕಾಲು ಎಣಿಸಿ ಸುಮ್ಮನಾಗಿದ್ದಾರೆ. ಶಾಸ್ತ್ರದ ದೃಷ್ಟಿಯಿಂದ ಅದೇ ಹೆಚ್ಚು ನಿರಪಾಯ, ಏಕೆಂದರೆ ಎಲ್ಲ ಜೇಡಗಳಿಗೂ ಎಂಟು ಕಾಲುಗಳಿವೆ. ಎಲ್ಲ ಜೇಡಗಳೂ ನೇಯುವುದಿಲ್ಲ.

ನನ್ನ ಮುಖ್ಯ ಪ್ರಶ್ನೆ ಇರುವುದು ಇಲ್ಲಿಯೇ. ಜಗತ್ತಿನಲ್ಲಿ ಹೆಸರಿಸಲಾದ ಜೇಡಗಳ ಪ್ರಭೇದಗಳು 2022ರಲ್ಲಿ 50,000 ದಾಟಿದವು. ಅವುಗಳಲ್ಲಿ ಸುಮಾರು ಅರ್ಧದಷ್ಟು, ಬೇಟೆಗೆಂದು ಬಲೆಯನ್ನೇ ಕಟ್ಟುವುದಿಲ್ಲ. ನನ್ನ ಮನೆಯ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಇದೆ. ಹಗಲು ಬಿಸಿಲು ಬೀಳುವ ಗೋಡೆಯ ಮೇಲೆ ಓಡಾಡುತ್ತ, ಲೆನ್ಸನ್ನು ಹತ್ತಿರ ತಂದರೆ ಮೈಯನ್ನೇ ತಿರುಗಿಸಿ ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನನ್ನನ್ನೇ ನೋಡುವ ಪುಟ್ಟ ಜೇಡಕ್ಕೆ ಬಲೆಯಿಲ್ಲ. ರಾತ್ರಿ ಬಚ್ಚಲುಮನೆಯ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು ಜಿರಲೆಗೆ ಹೊಂಚುಹಾಕುವ, ಅಂಗೈಯಗಲದ ಕಂದು ಜೇಡಕ್ಕೂ ಬಲೆಯಿಲ್ಲ. ಹೂವಿನ ಎಸಳಿನ ಮೇಲೆ ಏಡಿಯಂತೆ ಮುಂಗಾಲುಗಳನ್ನು ಅಗಲಿಸಿ ಕುಳಿತು ಜೇನ್ನೊಣವನ್ನು ಕಾಯುವುದಕ್ಕೂ, ಹುಲ್ಲಿನ ಮೇಲೆ ರಾತ್ರಿ ಸಂಚರಿಸುವುದಕ್ಕೂ ಬಲೆಯಿಲ್ಲ. ಈ ಕೊನೆಯದನ್ನು ಹುಡುಕುವುದು ಬಹಳ ಸುಲಭ: ಟಾರ್ಚನ್ನು ಹುಬ್ಬಿನ ಮಟ್ಟಕ್ಕೆ ಹಿಡಿದು ಹುಲ್ಲಿನತ್ತ ನೋಡಿದರೆ ಅದರ ಕಣ್ಣುಗಳು ಇಬ್ಬನಿಯ ಹನಿಗಳಂತೆ ಹೊಳೆಯುತ್ತವೆ.

ಇವನ್ನೆಲ್ಲ ನೇಕಾರರೆಂದು ಕರೆಯುವುದು ಸರಿಯೇ? ಯೋಚಿಸಿದಾಗ ನನಗೆ ಹೊಳೆದದ್ದೆಂದರೆ, ಇವು ನೇಯದಿದ್ದರೂ ನೂಲುತ್ತವೆ. ಗೋಡೆಯ ಪುಟ್ಟ ಜೇಡ ನೆಗೆಯುವ ಮೊದಲು ನಿಂತಲ್ಲಿಗೆ ಒಂದು ಎಳೆಯನ್ನು ಅಂಟಿಸಿ, ಅದನ್ನು ಬಿಚ್ಚುತ್ತಲೇ ಹಾರುತ್ತದೆ. ಗುರಿ ತಪ್ಪಿದರೆ ಆ ಎಳೆಗೆ ಜೋತುಬೀಳುತ್ತದೆ. ಬಿಸಿಲು ಅಡ್ಡಲಾಗಿ ಬಿದ್ದ ಒಂದು ಚಿತ್ರದಲ್ಲಿ ಈ ಎಳೆ ನನಗೆ ಸ್ಪಷ್ಟವಾಗಿ ಸಿಕ್ಕಿದೆ. ಬಚ್ಚಲುಮನೆಯ ದೊಡ್ಡ ಜೇಡ ತನ್ನ ಮೊಟ್ಟೆಗಳನ್ನು ನೂಲಿನಿಂದ ಮಾಡಿದ ಬಿಲ್ಲೆಯಾಕಾರದ ಚೀಲದಲ್ಲಿಟ್ಟು ಎದೆಯಡಿಯಲ್ಲಿ ಅವಚಿಕೊಂಡು ತಿರುಗುತ್ತದೆ. ಇಂಗ್ಲಿಷಿನ ‘ಸ್ಪೈಡರ್’ ಎಂಬ ಪದ ಹುಟ್ಟಿರುವುದು ನೂಲುವುದು ಎಂಬ ಅರ್ಥದ ಧಾತುವಿನಿಂದ. ಆದ್ದರಿಂದ ಅದು ಎಲ್ಲ ಜೇಡಗಳಿಗೂ ಸಲ್ಲುತ್ತದೆ. ನೂಲುವುದು ಒಂದು ಕೆಲಸ, ನೇಯುವುದು ಇನ್ನೊಂದು. ಮಗ್ಗದ ಮನೆಗಳಲ್ಲಿ ಇವೆರಡನ್ನು ಬೆರೆಸಿ ಮಾತನಾಡುವವರಿಲ್ಲ. ಜೇಡಕ್ಕಿರುವ ಊರ್ಣನಾಭ (ಹೊಕ್ಕುಳಲ್ಲಿ ಉಣ್ಣೆಯೆಳೆ ಉಳ್ಳದ್ದು) ಎಂಬ ಹಳೆಯ ಸಂಸ್ಕೃತ ಪದವೂ ನೇಯ್ಗೆಯನ್ನು ಬಿಟ್ಟು ನೂಲನ್ನೇ ಹಿಡಿದಿದೆ, ಆದರೆ ಹೊಕ್ಕುಳನ್ನು ಸ್ವಲ್ಪ ತಪ್ಪು ಜಾಗದಲ್ಲಿ ತೋರಿಸಿದೆ. ನೂಲು ಬರುವ ಅಂಗಗಳಿರುವುದು ಹೊಟ್ಟೆಯ ಹಿಂತುದಿಯ ಹತ್ತಿರ. ಜೇಡ ನೂಲನ್ನು ಹೊರಬಿಟ್ಟು ಮತ್ತೆ ಒಳಗೆ ತೆಗೆದುಕೊಳ್ಳುತ್ತದೆ ಎಂಬ ಮುಂಡಕೋಪನಿಷತ್ತಿನ ಮಾತನ್ನು ನಾನು ಬರಿಯ ಉಪಮೆ ಎಂದುಕೊಂಡಿದ್ದೆ. ದಾಸವಾಳದ ನಡುವೆ ಚಕ್ರದಂತಹ ಬಲೆ ಕಟ್ಟಿದ್ದ ಜೇಡವೊಂದು ಒಂದು ಮುಂಜಾನೆ ತನ್ನ ಹಳೆಯ ಬಲೆಯನ್ನು ಸುತ್ತಿ ಸುತ್ತಿ ತಿನ್ನುವುದನ್ನು ನೋಡಿದ ಮೇಲೆ ಆ ಅಭಿಪ್ರಾಯವನ್ನು ಬದಲಿಸಿಕೊಂಡೆ.

ಈಗ ಹೆಸರುಗಳ ವಿಷಯ. ‘ಜಂಪಿಂಗ್ ಸ್ಪೈಡರ್’ ಎಂದು ಇಂಗ್ಲಿಷಿನಲ್ಲಿ ಕರೆಯುವ ಗೋಡೆಯ ಪುಟ್ಟ ಜೇಡದ್ದು ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ. ಅದರಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೀಗಿರುವಾಗ ಅದಕ್ಕೊಂದು ನೆಟ್ಟಗಿನ ಕನ್ನಡ ಹೆಸರು ಬೇಕೇ ಬೇಕು. ‘ಹಾರುವ ಜೇಡ’ ಎಂದು ಬರೆದರೆ, ನಮ್ಮಲ್ಲಿ ಹಾರು ಎಂಬ ಒಂದೇ ಕ್ರಿಯಾಪದ ರೆಕ್ಕೆಯ ಹಾರಾಟಕ್ಕೂ ಕಾಲಿನ ನೆಗೆತಕ್ಕೂ ಬಳಕೆಯಾಗುವುದರಿಂದ, ಓದುವವರು ರೆಕ್ಕೆಯನ್ನು ಹುಡುಕುತ್ತಾರೆ. ‘ಕುಪ್ಪಳಿಸು’ ಎಂದರೆ ಕಪ್ಪೆಯ ಹಾಗೆ ಮತ್ತೆ ಮತ್ತೆ ಎಂಬ ಭಾವನೆ ಬರುತ್ತದೆ. ಈ ಜೇಡವಾದರೋ ನಿಂತು, ಅಳೆದು, ಒಂದೇ ಸಲ ಎರಗುತ್ತದೆ. ಉಳಿದವು ‘ಜಿಗಿಜೇಡ’, ‘ನೆಗೆಜೇಡ’. ನನ್ನ ಒಲವು ನೆಗೆಜೇಡದ ಕಡೆಗಿದೆ, ಆದರೆ ಜಿಗಿ ಎಂಬುದೇ ಮನೆಮಾತಾಗಿರುವ ಕಡೆಯವರ ಅಭಿಪ್ರಾಯ ಬೇರೆ ಇರಬಹುದು. ಅಮರಕೋಶವು ಜೇಡಕ್ಕೆ ಕೊಡುವ ಹೆಸರುಗಳಲ್ಲಿ ಲೂತಾ, ತಂತುವಾಯ, ಊರ್ಣನಾಭಗಳ ಜೊತೆಗೆ ‘ಮರ್ಕಟಕ’ ಎಂಬುದೂ ಸೇರಿದೆ. ಅದರ ನಿಷ್ಪತ್ತಿ ಏನೇ ಇರಲಿ, ನನ್ನ ಗೋಡೆಯ ಮೇಲಿನ ಈ ಚೇಷ್ಟೆಯ ಪ್ರಾಣಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಹುಲ್ಲಿನಲ್ಲಿ ಕಣ್ಣು ಹೊಳೆಯಿಸುವ ಜೇಡಕ್ಕೆ ಇಂಗ್ಲಿಷಿನ ಹೆಸರನ್ನು ಅನುಸರಿಸಿ ‘ತೋಳಜೇಡ’ ಎನ್ನುವುದು ನನಗೆ ಸಮ್ಮತವಿಲ್ಲ. ತೋಳ ಎಂದರೆ ಹಿಂಡು. ಇದು ಒಂಟಿ ಬೇಟೆಗಾರ. ಮೊಟ್ಟೆಯೊಡೆದ ಮರಿಗಳನ್ನೆಲ್ಲ ಬೆನ್ನ ಮೇಲೆ ಹೇರಿಕೊಂಡು ತಿರುಗುವ ಅದರ ತಾಯಿಯನ್ನು ಒಮ್ಮೆ ಕಂಡವರು ತೋಳವನ್ನು ನೆನೆಯಲಾರರು. ‘ಮರಿಹೊರುಕ’ ಎಂಬ ರೂಪ ಕನ್ನಡದ ಕಿವಿಗೆ ಒಗ್ಗುತ್ತದೆಯೇ?

ನಿಜವಾಗಿ ನೇಯುವ ಜೇಡದ ಬಲೆಯ ಬಗ್ಗೆ ಒಂದು ಸಲಹೆಯಿದೆ. ಚಕ್ರದಂತಹ ಬಲೆಯಲ್ಲಿ ಜೇಡ ಮೊದಲು ನಡುವಿನಿಂದ ಅಂಚಿಗೆ ಚಾಚುವ ಅರಗಳನ್ನು ಎಳೆಯುತ್ತದೆ; ಅವು ಅಂಟುವುದಿಲ್ಲ. ಅನಂತರ ಒಳಗಿನಿಂದ ಹೊರಕ್ಕೆ ಒಂದು ತಾತ್ಕಾಲಿಕ ಸುರುಳಿಯನ್ನು ಹಾಕಿ, ಬಳಿಕ ಹೊರಗಿನಿಂದ ಒಳಕ್ಕೆ ಅಂಟುನೂಲಿನ ಸುರುಳಿಯನ್ನು ಸುತ್ತುತ್ತ ಆ ತಾತ್ಕಾಲಿಕ ಎಳೆಯನ್ನು ಕಿತ್ತುಹಾಕುತ್ತದೆ. ಮೊದಲು ಬಿಗಿದು ನಿಲ್ಲುವ ನೂಲು, ಆಮೇಲೆ ಅದನ್ನು ಅಡ್ಡ ಹಾಯುವ ನೂಲು. ಮಗ್ಗದಲ್ಲಿ ಇವಕ್ಕೆ ಹಾಸು, ಹೊಕ್ಕು ಎಂಬ ಹೆಸರುಗಳು ಸಿದ್ಧವಾಗಿಯೇ ಇವೆ. ‘ತ್ರಿಜ್ಯಾ ತಂತು’ ಎಂದೆಲ್ಲ ಬರೆಯುವ ಬದಲು ಹಾಸೆಳೆ, ಹೊಕ್ಕೆಳೆ ಎಂದರೆ ಜೇಡರ ಹುಳುವಿಗೆ ಜೇಡರ ಮಾತನ್ನೇ ಹಿಂದಿರುಗಿಸಿದ ಹಾಗಾಗುತ್ತದೆ. ನೇಯ್ಗೆಯ ಮನೆತನದವರು ಯಾರಾದರೂ ಇಲ್ಲಿದ್ದರೆ, ಈ ಬಳಕೆ ಅವರ ಕಿವಿಗೆ ವಿಚಿತ್ರವೆನಿಸುತ್ತದೆಯೇ ಎಂದು ತಿಳಿಸಬೇಕು.

ಇನ್ನೊಂದು ಸಣ್ಣ ಪ್ರಶ್ನೆ. ಸೂರಿನ ಮೂಲೆಯಲ್ಲಿ ಜೋತಾಡುವ, ಧೂಳು ಮಸಿ ಹಿಡಿದ ಹಳೆಯ ಬಲೆಯನ್ನು ನಮ್ಮ ಮನೆಯಲ್ಲಿ ‘ಇಲ್ಲಣ’ ಎನ್ನುತ್ತೇವೆ. ಜೇಡ ವಾಸವಿರುವುದನ್ನು ಮಾತ್ರ ಬಲೆ ಎನ್ನುತ್ತೇವೆ. ಯುಗಾದಿಗೆ ಮೊದಲು ಪೊರಕೆಯ ಪಾಲಾಗುವುದು ಎರಡೂ. ಆ ಮೂಲೆಯಲ್ಲೇ ತಲೆಕೆಳಗಾಗಿ ನೇತಾಡುವ, ದಾರದಂತಹ ಉದ್ದ ಕಾಲಿನ, ಮುಟ್ಟಹೋದರೆ ಮೈ ಮಸುಕಾಗಿ ಕಾಣುವಷ್ಟು ವೇಗವಾಗಿ ಗಿರಗಿರನೆ ಅಲುಗುವ ಜೇಡವೊಂದಿದೆ. ಅದು ಮೊಟ್ಟೆಗಳ ಪುಟ್ಟ ಗೊಂಚಲನ್ನು ಬಾಯಲ್ಲಿ ಕಚ್ಚಿಕೊಂಡಿರುವ ಚಿತ್ರ ನನ್ನ ಬಳಿ ಇದೆ. ಅಡಿಬರಹದ ಜಾಗ ಮಾತ್ರ ಖಾಲಿಯಿದೆ. ಪೊರಕೆ ಹಿಡಿದ ತಾಯಂದಿರು, ಅಜ್ಜಿಯಂದಿರು ಅದನ್ನು ಜೇಡದಿಂದ ಬೇರ್ಪಡಿಸಿ ಏನೆಂದಾದರೂ ಬೈಯುತ್ತಿದ್ದುದು ನಿಮಗೆ ನೆನಪಿದ್ದರೆ, ಊರಿನ ಹೆಸರಿನೊಂದಿಗೆ ಆ ಪದವನ್ನು ಬರೆದು ತಿಳಿಸಬೇಕಾಗಿ ವಿನಂತಿ.