ಅಪ್‌ಡೇಟ್: ನರಾಮ್-ಸಿನ್ ವಿರುದ್ಧದ ದಂಗೆ, ಟೇಬಲ್ ಮೇಲೆ

ಪ್ರಾಚೀನ ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆ) ಅಕ್ಕಾಡ್ ದೊರೆ ನರಾಮ್-ಸಿನ್ ಮೇಲೆ ಕಿಶ್ ನಗರದ ಇಫುರ್-ಕಿಶ್ ಎಬ್ಬಿಸಿದ ದಂಗೆಯನ್ನು ವಾರ್‌ಗೇಮ್ (ಟೇಬಲ್ ಮೇಲೆ ಪುಟ್ಟ ಸೈನಿಕ ಗೊಂಬೆ, ದಾಳ ಇಟ್ಟು ಆಡೋ ಯುದ್ಧದಾಟ) ಆಗಿ ಆಡೋದು ಹೇಗೆ, ದಂಗೆಕೋರರಿಗೂ ಗೆಲ್ಲೋ ಅವಕಾಶ ಇರಬೇಕಲ್ಲ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್, ಆಡಿದ್ವಿ.

ಶಾಸನದ ಪ್ರಕಾರ ದೊರೆ ಒಂದೇ ವರ್ಷದಲ್ಲಿ 9 ಕಾಳಗ ಗೆದ್ದ. ಅಷ್ಟನ್ನೂ ಆಡೋಕೆ ಯಾರಿಗೆ ಪುರುಸೊತ್ತು? ಎರಡೇ ಇಟ್ಕೊಂಡ್ವಿ: ತಿವಾ ಮತ್ತು ಉರುಮ್ ಊರುಗಳ ನಡುವಿನ ಬಯಲಿನದು, ಆಮೇಲೆ ಕಿಶ್ ಕೋಟೆ ಬಾಗಿಲಿನದು. ಮೊದಲನೆಯದರಲ್ಲಿ ಸತ್ತ ತುಕಡಿ ಎರಡನೆಯದಕ್ಕೆ ಇಲ್ಲ.

ಕುದುರೆ ದಳ ಬೇಡ ಅಂತ ನಿಮ್ಮಲ್ಲಿ ಕೆಲವರು ಅಂದಿದ್ದು ಸರಿಯೇ. ಕ್ರಿ.ಪೂ. 23ನೇ ಶತಮಾನಕ್ಕೆ ಕತ್ತೆಯ ಮಿಶ್ರತಳಿ ಎಳೆಯೋ ಗಟ್ಟಿ ಚಕ್ರದ ಬಂಡಿನೇ ಚೆನ್ನ. ತಿರುಗಿಸಿದರೆ ಅರ್ಧ ನಡೆ ಖರ್ಚು ಅಂತ ನಿಯಮ ಮಾಡಿದ್ವಿ. ನೀಲಿ ಬಟ್ಟೆಪಟ್ಟಿಯ ಕಾಲುವೆ ಪಕ್ಕ ಅಕ್ಕಾಡಿನ ಬಂಡಿಗಳು ತಿರುಗಲಾರದೆ ನಿಂತವು, ದಂಗೆಕೋರರ ಈಟಿಯವರು ಬದಿಯಿಂದ ನುಗ್ಗಿ ಎರಡನ್ನ ಮುಗಿಸಿದ್ರು. ಆದರೂ ಬಿಲ್ಲುಗಾರರು ದೊರೆಯ ಕೈ ಬಿಡಲಿಲ್ಲ.

ಸಮತೋಲಕ್ಕೆ ಒಳ್ಳೆ ಮದ್ದು ಅಮರ್-ಗಿರಿದ್, ಉರುಕ್ ನಗರದಲ್ಲಿ ದಂಗೆ ಎದ್ದ ಇನ್ನೊಬ್ಬ ನಾಯಕ. ಇತಿಹಾಸದಲ್ಲಿ ಅವನೂ ಇಫುರ್-ಕಿಶ್‌ನೂ ಬೇರೆ ಬೇರೆ ಸೋತು ಸೆರೆಯಾದರು. ನಮ್ಮಲ್ಲಿ ದಾಳ 6 ಬಿದ್ದರೆ ಅವನ ಪಡೆ ಕಿಶ್ ಬಾಗಿಲಿಗೇ ಬರುತ್ತೆ. ನಾಲ್ಕನೇ ಸುತ್ತಿಗೆ ಬಿತ್ತು! ಗೆದ್ದಿದ್ದು ಅಕ್ಕಾಡೇ, ಆದರೆ ಕೂದಲೆಳೆಯಲ್ಲಿ.

ಬಿಲ್ಲಿನ ವ್ಯಾಪ್ತಿ ಈಗ 8 ಇಂಚು. ನನಗೆ ಜಾಸ್ತಿ ಅನ್ಸುತ್ತೆ, 6 ಮಾಡಲೇ?