‘ಖಾದ್ಯ ಲೇಪನ’: ಲೇಪವನ್ನೇ ತಿನ್ನಬಹುದೆಂದು ಓದುಗರಿಗೆ ತಿಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೊಯ್ದ ಹಣ್ಣು, ತರಕಾರಿ ಬೇಗ ಬಾಡದಂತೆ ಅವುಗಳ ಮೈಮೇಲೆ ಕೊಡುವ, ಅವುಗಳೊಡನೆಯೇ ತಿಂದುಬಿಡಬಹುದಾದ ತೆಳು ಪದರವನ್ನು ‘ಖಾದ್ಯ ಲೇಪನ’ ಎಂದು ಬರೆಯುವುದುಂಟು. ಹೆಚ್ಚು ಪ್ರಚಾರ ಕಾಣದ ಬೆಳೆಗಳ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದಾಗ ಈ ಪದ ನನ್ನನ್ನು ತಡೆದು ನಿಲ್ಲಿಸಿತು.

‘ಖಾದ್ಯ ತೈಲ’ದಲ್ಲಿ ‘ಖಾದ್ಯ’ವು ವಿಶೇಷಣವಾಗಿ ನೆಲೆಯೂರಿದೆ, ನಿಜ. ಆದರೆ ಬಿಡಿಯಾಗಿ ನಿಂತಾಗ ಅದಕ್ಕೆ ತಿನಿಸೆಂಬ ಅರ್ಥವೇ ರೂಢಿಯಲ್ಲಿರುವುದರಿಂದ, ‘ಖಾದ್ಯ ಲೇಪನ’ವೆಂದರೆ ತಿನಿಸಿಗೆ ಬಳಿಯುವ ಏನೋ ಒಂದು ಎಂದು ಓದುಗರು ತಿಳಿದಾರೇ ಹೊರತು, ಲೇಪವನ್ನೇ ತಿನ್ನಬಹುದೆಂಬ ಮುಖ್ಯ ಸಂಗತಿ ಹೊಳೆಯುವುದು ಕಷ್ಟ.

‘ಲೇಪನ’ವಂತೂ ಮೂಲತಃ ಕ್ರಿಯೆಯ ಹೆಸರು. ವಸ್ತುವಿಗೂ ಅದನ್ನೇ ಬಳಸಿದ್ದರಿಂದ ಕರಡಿನಲ್ಲಿ ‘ಲೇಪನವನ್ನು ಲೇಪಿಸಿ’ ಎಂಬ ವಿಚಿತ್ರ ವಾಕ್ಯ ಹುಟ್ಟಿಕೊಂಡಿತ್ತು. ತಮಾಷೆಯೆಂದರೆ, ಅಲ್ಲಿ ವಿವರಿಸಿದ್ದ ಕೆಲಸದಲ್ಲಿ ಬಳಿಯುವುದೇ ಇಲ್ಲ: ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟಿನ ದ್ರಾವಣದಲ್ಲಿ ಹಣ್ಣನ್ನು ಅದ್ದಿ, ಸೋರಲು ಬಿಟ್ಟು, ಬಳಿಕ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಇನ್ನೊಮ್ಮೆ ಅದ್ದಿದರೆ ಮೈಗಂಟಿದ ದ್ರವ ಜೆಲ್ಲಿಯಂತೆ ಬಿಗಿದುಕೊಳ್ಳುತ್ತದೆ. ಹಾಗೆ ಉಳಿಯುವ ಪದರಕ್ಕೆ ‘ಲೇಪ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

ಗೆಳೆಯರೊಬ್ಬರು ‘ಕವಚ’ ಎಂದು ಸೂಚಿಸಿದರು, ನಾನು ಒಪ್ಪಲಿಲ್ಲ. ಕೊಯ್ದ ಮೇಲೂ ಹಣ್ಣು ಉಸಿರಾಡುತ್ತಿರುತ್ತದೆ, ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ಲೇಪವು ಇವೆರಡನ್ನೂ ನಿಧಾನಗೊಳಿಸಬೇಕು, ಉಸಿರನ್ನೇ ಕಟ್ಟಿಬಿಡಬಾರದು. ತೀರ ದಪ್ಪವಾದರೆ ಒಳಗೆ ಆಮ್ಲಜನಕ ಸಾಲದೆ ಹಣ್ಣು ಹುದುಗಿ, ಹೆಂಡದಂಥ ವಾಸನೆ ಹಿಡಿಯುತ್ತದೆ. ಯಾವುದನ್ನೂ ಒಳಗೆ ಬಿಡದ ‘ಕವಚ’ ಇಲ್ಲಿಗೆ ಹೊಂದುವ ಮಾತಲ್ಲ. ‘ಪೊರೆ’ ಚೆಂದದ ಪದವೇ. ಆದರೆ ಮೊದಲೇ ಹಾಳೆಯಂತೆ ತಯಾರಿಸಿ ಆಮೇಲೆ ಸುತ್ತುವ ತಿನ್ನಬಹುದಾದ ಹೊದಿಕೆಯೂ ಬೇರೆ ಇರುವುದರಿಂದ ಅದನ್ನು ಅಲ್ಲಿಗೇ ಮೀಸಲಿಡುವುದು ಮೇಲು.

ಅದೇ ಕರಡಿನಲ್ಲಿದ್ದ ‘ಕೊಯ್ಲೋತ್ತರ’ ಅರಿಸಮಾಸ, ಎಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು; ಅದನ್ನು ‘ಕೊಯ್ಲಿನ ನಂತರದ’ ಎಂದು ತಿದ್ದಿದ್ದೇನೆ. ‘ಅಪರಿಚಿತ ಬೆಳೆ’ಯನ್ನೂ ತೆಗೆದೆ: ಬೆಳೆಯುವವರಿಗೆ ತಲೆಮಾರುಗಳಿಂದ ಪರಿಚಯವಿರುವುದನ್ನು ಮಾರುಕಟ್ಟೆ ಅರಿಯದ ಮಾತ್ರಕ್ಕೆ ಅಪರಿಚಿತವೆನ್ನಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ‘ಕಡೆಗಣಿಸಿದ ಬೆಳೆ’ ಎಂದಿಟ್ಟಿದ್ದೇನೆ.

ಉಳಿದಿರುವುದು ಮೂಲ ಪದ. ‘ತಿನ್ನಬಹುದಾದ ಲೇಪ’ ಸ್ಪಷ್ಟವಾಗಿದೆಯಾದರೂ ಶೀರ್ಷಿಕೆಗೆ ಉದ್ದವಾಯಿತು. ಇಷ್ಟೇ ತಿಳಿಯಾಗಿರುವ, ಇದಕ್ಕಿಂತ ಚಿಕ್ಕ ಪದ ನಿಮ್ಮಲ್ಲಿ ಯಾರಿಗಾದರೂ ತೋಚುವುದೇ?